ಒತ್ತಡಕ್ಕೂ ತೂಕವುಂಟು

ಏಪ್ರಿಲ್, ಮೇ ತಿಂಗಳ ಮುಸ್ಸಂಜೆ ಹೂಡೆಯ ಕಡಲ ಬದಿಯಲ್ಲಿ ನಿಂತವರಿಗೆ ಪಡುವಣ ಬಾನಿನಲ್ಲಿ ಕೆಂಪು ಛಾಯೆಯ ನಕ್ಷತ್ರವೊಂದು ನೀರಿನತ್ತ ಇಳಿಯುವುದು ಕಾಣುತ್ತದೆ. ಪಂಚಾಂಗದ ಆರ್ದ್ರಾ ಇದೇ. ಜೂನ್ ಮೂರನೆಯ ವಾರ ಕಳೆದು ಸೂರ್ಯ ಇದರ ನೆರೆಗೆ ಬಂದಾಗ ಸುರಿಯುವುದೇ ನಮ್ಮ ಬೇಸಾಯಗಾರರ ಆರ್ದ್ರಾ ಮಳೆ. ಖಗೋಳ ವಿಜ್ಞಾನಿಗಳು ಬೀಟಲ್‌ಜ್ಯೂಸ್ ಎಂದು ಕರೆಯುವ ಈ ನಕ್ಷತ್ರ ಸೂರ್ಯನ ಹದಿನೈದಿಪ್ಪತ್ತು ಪಟ್ಟು ಭಾರದ ಅನಿಲದ ಗೋಳ. ಸೂರ್ಯನ ಜಾಗದಲ್ಲಿ ತಂದಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗಿಬಿಟ್ಟೀತು. ಸುಮಾರು 400 ದಿನಗಳಿಗೊಮ್ಮೆ ಅದು ಉಬ್ಬಿ ಕುಗ್ಗುತ್ತದೆ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾದಾಗ ಇನ್ನೇನು ಸಿಡಿದೇಬಿಡುತ್ತದೆ ಎಂದು ಮೊಬೈಲುಗಳಲ್ಲಿ ಸುದ್ದಿ ಓಡಾಡಿತು. ಸಿಡಿಯಲಿಲ್ಲ. ಅದು ಹೊರಗೆಸೆದ ಅನಿಲವೇ ತಣಿದು ಧೂಳಾಗಿ ನಮ್ಮ ನೋಟಕ್ಕೆ ಅಡ್ಡ ಬಂದಿತ್ತು.

ಉಬ್ಬುವ, ಕುಗ್ಗುವ ಗೋಳಗಳನ್ನು ಗಣಿತದಲ್ಲಿ ಹಿಡಿಯುವ ಪ್ರಯತ್ನ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಷ್ಟೇ ಹಳೆಯದು. ನೂರು ವರ್ಷ ಮೀರಿದ ಈ ಕೆಲಸದಲ್ಲಿ ಕಲ್ಕತ್ತೆ, ಬನಾರಸ್, ಬೆಂಗಳೂರುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಆರ್ದ್ರೆಯಂಥ ನಕ್ಷತ್ರದ ಏರಿಳಿತಕ್ಕೆ ಐನ್‌ಸ್ಟೈನ್ ಬೇಕಾಗಿಲ್ಲ, ನ್ಯೂಟನ್ ಸಾಕು. ಯಾವ ಗೋಳಕ್ಕೆ ಯಾರ ಗುರುತ್ವ ಬೇಕೆಂದು ತಿಳಿಯಲು ಸುಲಭದ ಅಳತೆಗೋಲೊಂದಿದೆ. ಯಾವುದೇ ರಾಶಿಯನ್ನು ಎಷ್ಟು ತ್ರಿಜ್ಯದೊಳಗೆ ಅಮುಕಿದರೆ ಬೆಳಕೂ ಹೊರಬರಲಾರದೋ ಅದು ಷ್ವಾರ್ಜ್‌ಶೀಲ್ಡ್ ತ್ರಿಜ್ಯ. ಸೂರ್ಯನಿಗೆ ಅದು ಸುಮಾರು 3 ಕಿಲೋಮೀಟರ್, ಭೂಮಿಗೆ 9 ಮಿಲಿಮೀಟರ್. ಈ ತ್ರಿಜ್ಯವನ್ನು ಗೋಳದ ನಿಜವಾದ ತ್ರಿಜ್ಯದಿಂದ ಭಾಗಿಸಿ ನೋಡಬೇಕು. ಆರ್ದ್ರೆಗೆ ಸಿಗುವುದು ಕೋಟಿಯಲ್ಲಿ ಒಂದು ಪಾಲು. ಸೂರ್ಯನಿಗೆ ಹತ್ತು ಲಕ್ಷದಲ್ಲಿ ನಾಲ್ಕು. ಸೂರ್ಯನ 1.4 ಪಟ್ಟು ಭಾರವಿದ್ದು ಹನ್ನೆರಡು ಕಿಲೋಮೀಟರ್ ತ್ರಿಜ್ಯದ ನ್ಯೂಟ್ರಾನ್ ನಕ್ಷತ್ರಕ್ಕೆ ಮೂರರಲ್ಲಿ ಒಂದು. ಅಲ್ಲಿ ನ್ಯೂಟನ್ನನ ಲೆಕ್ಕ ನಡೆಯದು. ಆರ್ದ್ರೆಯ ಹೊರಮೈ ಎಷ್ಟೇ ದೊಡ್ಡದಿರಲಿ, ಅದರ ಒಡಲಲ್ಲಿ ಕಬ್ಬಿಣದ ತಿರುಳು ಬೆಳೆದು ಒಂದು ದಿನ ಸೆಕೆಂಡಿನೊಳಗೆ ಕುಸಿಯುತ್ತದಲ್ಲ, ಆಗ ಬೇಕಾಗುವವನು ಐನ್‌ಸ್ಟೈನ್.

ಗುರುತ್ವ ಬಲವಾಗಲು ಸಾಂದ್ರತೆ ವಿಪರೀತವಿರಬೇಕು ಅಂದುಕೊಳ್ಳುವುದು ಸಹಜ. ಹಾಗೇನೂ ಇಲ್ಲ. ಬರಿಯ ನೀರಿನ ಗೋಳವನ್ನೇ ಕಲ್ಪಿಸಿಕೊಂಡು ದೊಡ್ಡದು ಮಾಡುತ್ತ ಹೋದರೆ ತ್ರಿಜ್ಯ 40 ಕೋಟಿ ಕಿಲೋಮೀಟರ್ ಮುಟ್ಟಿದಾಗ, ರಾಶಿ 13 ಕೋಟಿಗೂ ಹೆಚ್ಚು ಸೂರ್ಯರಷ್ಟಾದಾಗ, ಆ ನೀರು ತನ್ನ ಷ್ವಾರ್ಜ್‌ಶೀಲ್ಡ್ ತ್ರಿಜ್ಯದೊಳಗೇ ಇರುತ್ತದೆ. ಮಲ್ಪೆಯ ದಕ್ಕೆಯಲ್ಲಿ ದೋಣಿಗೆ ತಗಲುವ ನೀರಿಗೂ ಈ ನೀರಿಗೂ ಸಾಂದ್ರತೆಯಲ್ಲಿ ವ್ಯತ್ಯಾಸವಿಲ್ಲ. ಗೆಲಾಕ್ಸಿಗಳ ಕೇಂದ್ರದಲ್ಲಿರುವ ದೈತ್ಯ ಕಪ್ಪುಕುಳಿಗಳ ಸರಾಸರಿ ಸಾಂದ್ರತೆ ಈ ಆಸುಪಾಸಿನದೇ, ಕೆಲವದಂತೂ ಇನ್ನೂ ಕಡಿಮೆ.

ಹಾಗಾದರೆ ಐನ್‌ಸ್ಟೈನನ ಗುರುತ್ವದಲ್ಲಿ ಹೊಸದಾಗಿ ಬರುವುದೇನು? ಹತ್ತಾರು ಸೂತ್ರಗಳನ್ನು ಪಕ್ಕಕ್ಕಿಟ್ಟು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಒತ್ತಡಕ್ಕೂ ತೂಕವುಂಟು. ನ್ಯೂಟನ್ನನಲ್ಲಿ ಒತ್ತಡದ ಕೆಲಸ ಒಂದೇ: ಒಳಗೆ ಬೀಳಲು ಹೊರಟ ಪದಾರ್ಥವನ್ನು ಹೊರಕ್ಕೆ ತಳ್ಳಿ ಹಿಡಿಯುವುದು. ಐನ್‌ಸ್ಟೈನನಲ್ಲಿ ಒತ್ತಡವೂ ಶಕ್ತಿಯ ಲೆಕ್ಕಕ್ಕೆ ಸೇರಿ ತಾನೂ ಸೆಳೆಯುತ್ತದೆ. ಸೆಳೆತದ ಮೂಲದಲ್ಲಿ ಸಾಂದ್ರತೆಯ ಜತೆಗೆ ಒತ್ತಡದ ಮೂರು ಪಟ್ಟು ಕೂಡಿಕೊಳ್ಳುತ್ತದೆ. ಗೋಳವನ್ನು ಉಳಿಸಲು ಒತ್ತಡ ಏರಬೇಕು. ಒತ್ತಡ ಏರಿದಷ್ಟೂ ಗೋಳದ ಮೇಲಿನ ಸೆಳೆತವೂ ಏರುತ್ತದೆ. ಸಾಲ ತೀರಿಸಲು ಸಾಲ ಮಾಡಿದಂತಾಗುವ ಘಟ್ಟವೊಂದು ಬಂದೇ ಬರುತ್ತದೆ. ಆಮೇಲೆ ಯಾವ ಒತ್ತಡವೂ ಸಾಲದು.

ಈ ಘಟ್ಟವನ್ನು ಮೊದಲು ಕಂಡವನು ಕಾರ್ಲ್ ಷ್ವಾರ್ಜ್‌ಶೀಲ್ಡ್. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಎಲ್ಲೆಡೆ ಒಂದೇ ಸಾಂದ್ರತೆಯ ನಿಶ್ಚಲ ದ್ರವಗೋಳಕ್ಕೆ ಅವನು ಐನ್‌ಸ್ಟೈನನ ಸಮೀಕರಣಗಳನ್ನು ಬಿಡಿಸಿದ. ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡ. ಗೋಳದ ತ್ರಿಜ್ಯ ಷ್ವಾರ್ಜ್‌ಶೀಲ್ಡ್ ತ್ರಿಜ್ಯದ ಎಂಟನೆಯ ಒಂಬತ್ತಕ್ಕೆ ಇಳಿದಾಗ, ಅಂದರೆ ಅದಕ್ಕಿಂತ ಎಂಟನೆಯ ಒಂದು ಪಾಲಷ್ಟೇ ದೊಡ್ಡದಿರುವಾಗ, ನಡುಮಧ್ಯದ ಒತ್ತಡ ಅನಂತವಾಗುತ್ತದೆ ಎಂದು ಅವನ ಲೆಕ್ಕ ತೋರಿಸಿತು. ಸಾಂದ್ರತೆ ಒಂದೇ ಸಮ ಎಂಬುದು ಕಾಗದದ ಮೇಲಿನ ಅನುಕೂಲ ತಾನೆ, ನಿಜ ನಕ್ಷತ್ರಕ್ಕೆ ಇದು ಅನ್ವಯಿಸದು ಎನ್ನಬಹುದಿತ್ತು. 1959ರಲ್ಲಿ ಬುಕ್‌ಡಾಲ್ ಆ ಸಮಾಧಾನವನ್ನೂ ಕಿತ್ತುಕೊಂಡ. ಒಳಗಿನಿಂದ ಹೊರಕ್ಕೆ ಸಾಂದ್ರತೆ ಏರದಿರುವ ಯಾವ ನಿಶ್ಚಲ ಗೋಳಕ್ಕೂ ಅದೇ ಮಿತಿ. ಷ್ವಾರ್ಜ್‌ಶೀಲ್ಡ್ ತ್ರಿಜ್ಯ ಮುಟ್ಟುವುದಕ್ಕೂ ಮುಂಚೆಯೇ ನಿಲ್ಲುವ ಹಕ್ಕು ಹೋಗಿರುತ್ತದೆ.

ನಿಂತಿರುವ ಗೋಳವೂ ಅಲುಗಿಸಿದರೆ ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅನಿಲವನ್ನು ತುಸು ಅಮುಕಿದಾಗ ಅದರ ಒತ್ತಡ ಎಷ್ಟು ಚುರುಕಾಗಿ ಏರುತ್ತದೆ ಎಂಬುದಕ್ಕೆ ಒಂದು ಘಾತಾಂಕವಿದೆ. ನ್ಯೂಟನ್ನನ ಗುರುತ್ವದಲ್ಲಿ ಅದು ಮೂರನೆಯ ನಾಲ್ಕಕ್ಕಿಂತ ಹೆಚ್ಚಿದ್ದರೆ ಗೋಳ ಉಬ್ಬಿ ಕುಗ್ಗುತ್ತ ಬದುಕುತ್ತದೆ, ಕಡಿಮೆಯಿದ್ದರೆ ಕುಸಿಯುತ್ತದೆ. 1964ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇದೇ ಲೆಕ್ಕವನ್ನು ಸಾಪೇಕ್ಷತೆಯಲ್ಲಿ ಮಾಡಿ ಹೊಸ್ತಿಲು ಮೇಲೇರುತ್ತದೆ ಎಂದು ತೋರಿಸಿದರು. ಏರಿಕೆ ಸಣ್ಣದೇ, ನಾನು ಮೊದಲು ಹೇಳಿದ ಅಳತೆಗೋಲಿಗೆ ತಕ್ಕಷ್ಟು. ಆದರೆ ಲಕ್ಷಾಂತರ ಸೂರ್ಯರ ಭಾರದ ನಕ್ಷತ್ರವಿದ್ದರೆ ಅದರ ಒಳಗಿನ ಒತ್ತಡ ಬಹುಪಾಲು ಬೆಳಕಿನದು, ಘಾತಾಂಕ ಮೂರನೆಯ ನಾಲ್ಕರ ಅಂಚಿನಲ್ಲೇ ಕೂತಿರುತ್ತದೆ. ಅಂಥದ್ದನ್ನು ಬೀಳಿಸಲು ಈ ಕೂದಲೆಳೆಯ ಏರಿಕೆ ಸಾಕು. ಆಗಷ್ಟೇ, 1963ರಲ್ಲಿ, ಬಹು ದೂರದಿಂದಲೂ ವಿಪರೀತ ಬೆಳಗುವ ಕ್ವೇಸಾರ್‌ಗಳು ಗುರುತಿಗೆ ಸಿಕ್ಕಿದ್ದರಿಂದ ಈ ಫಲಿತಾಂಶಕ್ಕೆ ಕೇಳುಗರೂ ಸಿಕ್ಕಿದರು.

ಇಷ್ಟೆಲ್ಲ ಆದ ಮೇಲೂ ಗೋಳ ನಿಜವಾಗಿ ಕುಸಿಯುವುದನ್ನು ಬರೆದಂತಾಗಲಿಲ್ಲ. ಕಾಲದೊಂದಿಗೆ ಬದಲಾಗುವ ಗೋಳವೆಂದರೆ ಸಮೀಕರಣಗಳ ತೊಡಕು ಹತ್ತು ಪಟ್ಟು. ಮೊದಲು ಆ ತೊಡಕನ್ನು ಕತ್ತರಿಸಿದವರು ಒತ್ತಡವನ್ನೇ ಕೈಬಿಟ್ಟರು. 1938ರಲ್ಲಿ ಕಲ್ಕತ್ತೆಯ ಬಿ. ದತ್ತ್ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒತ್ತಡವಿಲ್ಲದ ಪದಾರ್ಥದ, ಭೌತಶಾಸ್ತ್ರದವರು ‘ಧೂಳು’ ಎನ್ನುವ ಪದಾರ್ಥದ, ಚಲಿಸುವ ಗೋಳಗಳಿಗೆ ಪರಿಹಾರ ಕೊಟ್ಟರು. ಮರುವರ್ಷ ಓಪನ್‌ಹೈಮರ್ ಮತ್ತು ಸ್ನೈಡರ್ ಅಂಥದೇ ಗೋಳವನ್ನು ನಕ್ಷತ್ರವೆಂದು ಭಾವಿಸಿ ಅದರ ಅಂತ್ಯವನ್ನು ಬರೆದರು. ಅದು ಅಚ್ಚಾದ ಫಿಸಿಕಲ್ ರಿವ್ಯೂ ಸಂಚಿಕೆಯ ತಾರೀಕು 1939ರ ಸೆಪ್ಟೆಂಬರ್ 1, ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದ ದಿನ. ಪರಮಾಣು ಬಿರಿಯುವ ಬಗೆಯನ್ನು ವಿವರಿಸಿದ ಬೋರ್ ಮತ್ತು ವೀಲರ್ ಲೇಖನವೂ ಅದೇ ಸಂಚಿಕೆಯಲ್ಲಿತ್ತು. ಯಾವುದನ್ನು ಜಗತ್ತು ಮೊದಲು ಓದಿತೆಂದು ಹೇಳಬೇಕಾಗಿಲ್ಲ.

ಈ ಧೂಳುಗೋಳದ ಲೆಕ್ಕ ಡಿಗ್ರಿ ತರಗತಿಯ ವಿದ್ಯಾರ್ಥಿಗೂ ದಕ್ಕುವಷ್ಟು ಸರಳ. ನಿಂತ ಸ್ಥಿತಿಯಿಂದ ಬಿಟ್ಟ ಗೋಳ ಪೂರ್ತಿ ಕುಸಿಯಲು ಬೇಕಾಗುವ ಸಮಯ, ಗೋಳದ ಜತೆಗೇ ಬೀಳುವ ಗಡಿಯಾರದಲ್ಲಿ ಅಳೆದರೆ, ಆರಂಭದ ಸಾಂದ್ರತೆಯನ್ನು ಮಾತ್ರ ಅವಲಂಬಿಸುತ್ತದೆ. ಗಾತ್ರದ ಹಂಗೇ ಇಲ್ಲ. ನೀರಿನ ಸಾಂದ್ರತೆಯಾದರೆ 35 ನಿಮಿಷ. ಗೋಳ ಕೆರೆಯಷ್ಟಿರಲಿ, ಸೌರವ್ಯೂಹದಷ್ಟಿರಲಿ, 35 ನಿಮಿಷವೇ. ಸೂರ್ಯನ ಒಳಗಿನ ಒತ್ತಡವನ್ನು ಒಮ್ಮೆಲೆ ಅಳಿಸಿದರೆ ಅರ್ಧ ಗಂಟೆಯಲ್ಲಿ ಕಥೆ ಮುಗಿದೀತು. ನ್ಯೂಟನ್ನನ ಸೂತ್ರವೂ ಇದೇ ಉತ್ತರ ಕೊಡುತ್ತದೆ. ಭೇದವಿರುವುದು ದೂರದಲ್ಲಿ ನಿಂತು ನೋಡುವವನ ಗಡಿಯಾರದಲ್ಲಿ. ಅವನಿಗೆ ಗೋಳದ ಮೈ ಷ್ವಾರ್ಜ್‌ಶೀಲ್ಡ್ ತ್ರಿಜ್ಯದ ಹತ್ತಿರ ನಿಧಾನವಾಗುತ್ತ, ಕೆಂಪಾಗುತ್ತ, ಮಂಕಾಗುತ್ತ ಹೋಗುತ್ತದೆ. ದಾಟಿದ್ದು ಎಂದಿಗೂ ಕಾಣುವುದಿಲ್ಲ. ಒಂದೇ ಘಟನೆಗೆ ಒಬ್ಬನ ಲೆಕ್ಕದಲ್ಲಿ ಮುಕ್ತಾಯವಿದೆ, ಇನ್ನೊಬ್ಬನ ಲೆಕ್ಕದಲ್ಲಿ ಇಲ್ಲ. ಎರಡೂ ಸರಿ ಎಂದು ಒಪ್ಪಿಕೊಳ್ಳಲು ಭೌತಶಾಸ್ತ್ರಕ್ಕೆ ಇಪ್ಪತ್ತು ವರ್ಷ ಹಿಡಿಯಿತು.

ಧೂಳುಗೋಳದ ಪರಿಹಾರವನ್ನು ಹಿಂದುಮುಂದಾಗಿ ಓಡಿಸಿದರೆ ಉಬ್ಬುವ ಗೋಳ. ಅದರ ಒಳಭಾಗಕ್ಕೂ ಹಿಗ್ಗುತ್ತಿರುವ ವಿಶ್ವದ ಸಮೀಕರಣಕ್ಕೂ ಗಣಿತದಲ್ಲಿ ಒಂದಿಷ್ಟೂ ಅಂತರವಿಲ್ಲ. ಸಾಂದ್ರತೆ ಜಾಗದಿಂದ ಜಾಗಕ್ಕೆ ಬದಲಾಗುವ ಧೂಳನ್ನು ಲೆಮೈತ್ರ 1933ರಲ್ಲೂ ಟೋಲ್ಮನ್ 1934ರಲ್ಲೂ ಬಿಡಿಸಿದ್ದರು, 1947ರಲ್ಲಿ ಬಾಂಡಿ ಅದನ್ನು ವಿಸ್ತರಿಸಿದರು. ಇಂದಿಗೂ ಗೆಲಾಕ್ಸಿಗಳ ಗುಂಪು ಹೇಗೆ ಕೂಡಿಕೊಂಡಿತು ಎಂಬುದರ ಮೊದಲ ಅಂದಾಜು ಇದೇ ಮಾದರಿಯಿಂದ ಬರುತ್ತದೆ. ಆದಿಯಲ್ಲಿ ನೆರೆಹೊರೆಗಿಂತ ತುಸು ದಟ್ಟವಾಗಿದ್ದ ಪ್ರದೇಶ ವಿಶ್ವದ ಜತೆಗೇ ಹಿಗ್ಗುತ್ತದೆ, ಆದರೆ ಹಿಂದೆ ಬೀಳುತ್ತದೆ. ಸುತ್ತಲಿನ ಸಾಂದ್ರತೆಯ ಐದೂವರೆ ಪಟ್ಟು ಆದಾಗ ನಿಲ್ಲುತ್ತದೆ. ಆಮೇಲೆ ಮಗುಚಿ ಕುಸಿಯುತ್ತದೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿ ನಮ್ಮಿಂದ ಓಡದೆ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ನಾವಿರುವ ಗೋಳ ಮಗುಚಿ ಆಗಿದೆ.

ಇದು ಗೋಳವೆಂಬ ಊಹೆಯ ಫಲ ಮಾತ್ರವೇ, ಅಂಕುಡೊಂಕಾದ ನಿಜ ಪದಾರ್ಥ ಹೀಗೆ ಒಂದು ಬಿಂದುವಿನಲ್ಲಿ ಸಿಕ್ಕಿಬೀಳುತ್ತದೆಯೇ ಎಂಬ ಶಂಕೆ ಉಳಿದೇ ಇತ್ತು. ಅದನ್ನು ಎದುರಿಸಿದವರು ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿ. 1955ರಲ್ಲಿ ಪ್ರಕಟವಾದ ಅವರ ಸಮೀಕರಣ ಗೋಳದ ಸಹವಾಸವನ್ನೇ ಬಿಟ್ಟಿತು. ಹರಿಯುವ ದ್ರವದ ಒಂದು ಚಿಟಿಕೆಯನ್ನು ಹಿಡಿದು, ಅದರ ಗಾತ್ರ ಹಿಗ್ಗುವ ವೇಗ ಹೇಗೆ ಬದಲಾಗುತ್ತದೆ ಎಂದಷ್ಟೇ ಅದು ಕೇಳುತ್ತದೆ. ಸಾಂದ್ರತೆ ಮತ್ತು ಒತ್ತಡ ಕುಗ್ಗಿಸುತ್ತವೆ. ಆಕಾರ ಓರೆಯಾಗಿ ಎಳೆದುಹೋಗುವುದೂ ಕುಗ್ಗಿಸುವ ಕಡೆಗೇ ಸೇರುತ್ತದೆ. ತಡೆಯಲು ಬರುವವು ಎರಡೇ: ಸುಳಿಯಂತೆ ತಿರುಗುವ ಚಲನೆ, ಮತ್ತು ಒತ್ತಡದ ಏರಿಳಿತ ತಂದೊಡ್ಡುವ ತಳ್ಳಾಟ. 1965ರಲ್ಲಿ ರೋಜರ್ ಪೆನ್ರೋಸ್ ಇದೇ ಜಾಡಿನ ವಾದವನ್ನು ಬೆಳಕಿನ ಕಿರಣಗಳಿಗೆ ಹಚ್ಚಿ, ಒಮ್ಮೆ ಬೆಳಕೂ ಒಳಮುಖವಾದ ಮೇಲೆ ಆಕಾರ ಏನೇ ಇರಲಿ ಕುಸಿತಕ್ಕೆ ತಡೆಯಿಲ್ಲ ಎಂದು ಸಾಧಿಸಿದರು. ಅವರಿಗೆ ನೊಬೆಲ್ ಬಂದದ್ದು 2020ರಲ್ಲಿ. ರಾಯ್‌ಚೌಧುರಿ ತೀರಿಕೊಂಡು ಆಗ ಹದಿನೈದು ವರ್ಷ.

ಈಗ ಈ ಕ್ಷೇತ್ರದ ಇನ್ನೊಂದು ಮುಖಕ್ಕೆ ಬರೋಣ. ನನಗೆ ತಕರಾರಿರುವುದು ಇಲ್ಲೇ. ಒತ್ತಡವನ್ನು ಇಟ್ಟುಕೊಂಡೂ ನಿಖರವಾದ ಸೂತ್ರ ಬೇಕು ಎನ್ನುವವರು ಬೇರೊಂದು ಕಡೆ ಕತ್ತರಿ ಹಾಕಿದರು. ಗೋಳದ ಪ್ರತಿ ಚಿಟಿಕೆಯೂ ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಲಿ, ಓರೆ ಎಳೆತ ಇಲ್ಲವೇ ಇಲ್ಲವೆನ್ನಿ ಎಂದರು. ಮಕ್‌ವಿಟ್ಟಿ 1933ರಲ್ಲಿ ಈ ದಾರಿ ತೆರೆದರು, 1948ರಲ್ಲಿ ಕುಸ್ಟಾನ್‌ಹೈಮೋ ಮತ್ತು ಕ್ವಿಸ್ಟ್ ಇಡೀ ಕುಟುಂಬವನ್ನು ಒಂದೇ ಸಮೀಕರಣಕ್ಕೆ ಇಳಿಸಿದರು. 1967ರಲ್ಲಿ ಬಾನರ್ ಮತ್ತು ಫಾಕ್ಸ್ ಉಬ್ಬಿ ಕುಗ್ಗಿ ಮತ್ತೆ ಉಬ್ಬುವ ಗೋಳಗಳನ್ನೇ ಬರೆದುಕೊಟ್ಟರು. ಸೂತ್ರಗಳು ಸೊಗಸಾಗಿವೆ. ಆದರೆ ಅವುಗಳಲ್ಲಿ ಒತ್ತಡ ಬರುವ ಬಗೆ ನೋಡಿ: ಮೊದಲು ಜ್ಯಾಮಿತಿಯನ್ನು ಆರಿಸುತ್ತಾರೆ, ಅದಕ್ಕೆ ಬೇಕಾದ ಒತ್ತಡ ಎಷ್ಟೆಂದು ಆಮೇಲೆ ಓದಿಕೊಳ್ಳುತ್ತಾರೆ. ಇಷ್ಟು ಅಮುಕಿದರೆ ಇಷ್ಟು ತಳ್ಳುತ್ತೇನೆ ಎಂದು ಹೇಳಬೇಕಾದದ್ದು ಪದಾರ್ಥ. ಅದರ ಬಾಯಿಗೆ ಗಣಿತ ಮಾತು ತುರುಕಿದಂತಾಯಿತು.

ಪದಾರ್ಥಕ್ಕೇ ಮಾತಾಡಲು ಬಿಟ್ಟರೆ ಏನಾಗುತ್ತದೆ? 1983ರಲ್ಲಿ ಕಾಲಿನ್ಸ್ ಮತ್ತು ವೇನ್‌ರೈಟ್ ಉತ್ತರ ಕೊಟ್ಟರು. ಒತ್ತಡವನ್ನು ಸಾಂದ್ರತೆಯೇ ನಿರ್ಧರಿಸಬೇಕು ಎಂಬ ಒಂದು ಷರತ್ತು ಹಾಕಿದರೆ ಸಾಕು, ಓರೆ ಎಳೆತವಿಲ್ಲದ ಚಲಿಸುವ ಪರಿಹಾರಗಳಲ್ಲಿ ನಕ್ಷತ್ರ ಎನ್ನಬಹುದಾದದ್ದು ಒಂದೂ ಉಳಿಯುವುದಿಲ್ಲ. ನಿಶ್ಚಲ ಗೋಳಗಳ ಗತಿಯೂ ಅಷ್ಟೇನೂ ಮೇಲಲ್ಲ. 1998ರಲ್ಲಿ ಡೆಲ್ಗಾಟಿ ಮತ್ತು ಲೇಕ್ ಪ್ರಕಟಿತ ಪರಿಹಾರಗಳಲ್ಲಿ 127ನ್ನು ಒಂದೊಂದಾಗಿ ಪರೀಕ್ಷೆಗೆ ಕೂರಿಸಿದರು. ಪ್ರಶ್ನೆಗಳು ಕಠಿಣವಾಗಿರಲಿಲ್ಲ. ಒತ್ತಡ, ಸಾಂದ್ರತೆ ಎಲ್ಲೂ ಋಣವಾಗದೆ ಇರುತ್ತವೆಯೇ, ಹೊರಕ್ಕೆ ಹೋದಂತೆ ಇಳಿಯುತ್ತವೆಯೇ, ಒಳಗಿನ ಶಬ್ದದ ವೇಗ ಬೆಳಕನ್ನು ಮೀರದೆ ಇರುತ್ತದೆಯೇ, ಇಂಥವು. ಪಾಸಾದವು 16. ಶಬ್ದವೇಗವೂ ಹೊರಕ್ಕೆ ಇಳಿಯಬೇಕು ಎಂದಾಗ 9. ಅದಾದ ಮೇಲೂ ಹೊಸ ಪರಿಹಾರಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ, ನಮ್ಮ ದೇಶದಿಂದಂತೂ ಧಾರಾಳವಾಗಿ. ಪ್ರಯೋಗಾಲಯ ಬೇಡ, ಅನುದಾನ ಬೇಡ, ಕಾಗದ ಪೆನ್ನು ಸಾಕು ಎಂಬುದು ಒಂದು ಕಾಲಕ್ಕೆ ನಮ್ಮ ಬಡ ವಿಶ್ವವಿದ್ಯಾಲಯಗಳಿಗೆ ಈ ವಿಷಯ ತೆರೆದಿಟ್ಟ ಬಾಗಿಲು. ಅದೇ ಅನುಕೂಲ ಈಗ ಸಂಖ್ಯೆ ಹೆಚ್ಚಿಸುವ ಚಟಕ್ಕೂ ದಾರಿಯಾಗಿದೆ. ಏನನ್ನು ಕೈಬಿಟ್ಟೆವು ಎಂಬುದನ್ನು ಮುಚ್ಚಿಡದ ದತ್ತ್ ಅವರ ಧೂಳು ಇಂದಿಗೂ ಪಾಠವಾಗಿ ಉಳಿದಿರುವಾಗ, ಎಲ್ಲವನ್ನೂ ಹಿಡಿದೆವೆಂದ ಹತ್ತಾರು ಸೂತ್ರಗಳು ಬರೆದವರ ಬಯೋಡೇಟಾ ದಾಟಿಲ್ಲ.

ಕಾಗದ ಪೆನ್ನಿನ ಬಾಗಿಲಿನಿಂದ ಬಂದವರಲ್ಲೇ ಪ್ರಹ್ಲಾದ ಚುನಿಲಾಲ್ ವೈದ್ಯರೂ ಒಬ್ಬರು ಎಂಬುದನ್ನು ಮರೆಯಬಾರದು. ಅವರ ಪ್ರಶ್ನೆ ಗೋಳದ ಹೊರಗಿನದು. ಹೊರಗೇನಿದೆ ಪ್ರಶ್ನೆ ಎನ್ನಬಹುದು. ಬರ್ಕ್‌ಹಾಫ್‌ನ ಹೆಸರಿನ ಪ್ರಮೇಯದ ಪ್ರಕಾರ, ಗೋಳ ಗೋಳವಾಗಿಯೇ ಇದ್ದು ಉಬ್ಬಲಿ, ಕುಗ್ಗಲಿ, ಕುಸಿಯಲಿ, ಹೊರಗಿನ ಖಾಲಿ ಜಾಗದ ಗುರುತ್ವ ಕಿಂಚಿತ್ತೂ ಬದಲಾಗುವುದಿಲ್ಲ. ಸೂರ್ಯ ಈ ಕ್ಷಣ ಕಪ್ಪುಕುಳಿಯಾದರೂ ಭೂಮಿ ತನ್ನ ಹಾದಿಯಲ್ಲೇ ಸುತ್ತುತ್ತದೆ. ಆದರೆ ನಕ್ಷತ್ರದ ಹೊರಗು ಖಾಲಿ ಎಲ್ಲಿದೆ? ಅಲ್ಲಿ ಬೆಳಕು ತುಂಬಿದೆ. ಸೂರ್ಯ ಬರಿಯ ಬೆಳಕಿನ ರೂಪದಲ್ಲೇ ಸೆಕೆಂಡಿಗೆ 40 ಲಕ್ಷ ಟನ್ನಿಗಿಂತ ಹೆಚ್ಚು ರಾಶಿಯನ್ನು ಕಳೆದುಕೊಳ್ಳುತ್ತಾನೆ. ಆ ಸೋರಿಕೆಯನ್ನೂ ಸೇರಿಸಿ ಹೊರಗಿನ ಗುರುತ್ವವನ್ನು ಬರೆಯುವುದು ಹೇಗೆ?

ಗುಜರಾತಿನ ವೈದ್ಯರು 1942ರಲ್ಲಿ ಹೆಂಡತಿ, ಎಳೆಯ ಮಗಳೊಂದಿಗೆ ಬನಾರಸಿಗೆ ಹೋಗಿ, ಕೂಡಿಟ್ಟ ದುಡ್ಡಿನಲ್ಲೇ ದಿನ ನೂಕುತ್ತ, ಹಿಂದೂ ವಿಶ್ವವಿದ್ಯಾಲಯದ ವಿ. ವಿ. ನಾರ್ಲಿಕರ್ ಅವರ ಬಳಿ ಈ ಲೆಕ್ಕಕ್ಕೆ ಕೂತರು. ನಾರ್ಲಿಕರ್ ಕೊಲ್ಹಾಪುರದವರು, ನಮಗೆಲ್ಲ ಗೊತ್ತಿರುವ ಜಯಂತ ನಾರ್ಲಿಕರರ ತಂದೆ. ವೈದ್ಯರ ಪರಿಹಾರ 1943ರಲ್ಲಿ ಹೊರಬಂತು, ಅದೂ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಅದರ ವಿಸ್ತೃತ ರೂಪ ಬಂದದ್ದೂ ಬೆಂಗಳೂರಿನಲ್ಲೇ, ಸಿ. ವಿ. ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ, 1951ರಲ್ಲಿ. ಜಗತ್ತಿನ ದೊಡ್ಡ ಪತ್ರಿಕೆಗಳ ಓದುಗರಿಗೆ ಇವು ಕೂಡಲೇ ಕೈಗೆ ಸಿಗುವಂಥವಲ್ಲ. ಹಾಗಿದ್ದೂ ಕ್ವೇಸಾರ್‌ಗಳ ಕಾಲ ಬಂದಾಗ ಎಲ್ಲರೂ ಹುಡುಕಿಕೊಂಡು ಬಂದದ್ದು ವೈದ್ಯರ ಈ ಸೂತ್ರವನ್ನೇ. ಅದು ಸರಳ: ಷ್ವಾರ್ಜ್‌ಶೀಲ್ಡ್ ಬರೆದ ಹೊರಗಿನ ಗುರುತ್ವದಲ್ಲಿ ರಾಶಿ ಎಂಬ ಸ್ಥಿರಾಂಕವಿರುವಲ್ಲಿ, ಹೊರಟ ಬೆಳಕಿನೊಂದಿಗೆ ಕರಗುತ್ತ ಹೋಗುವ ರಾಶಿಯನ್ನು ಕೂರಿಸುವುದು. ಆದರೆ ಸುಮ್ಮನೆ ಬದಲಿಸಿಟ್ಟರೆ ಸಮೀಕರಣ ಒಪ್ಪುವುದಿಲ್ಲ. ಕಾಲವನ್ನು ಯಾವ ಗಡಿಯಾರದಿಂದ ಅಳೆಯಬೇಕೆಂದು ಆರಿಸುವುದರಲ್ಲಿದೆ ಜಾಣತನ. ಇಂದು ಕರಗುವ ಕಪ್ಪುಕುಳಿಗಳ ಅಧ್ಯಯನದಲ್ಲೂ ಇದೇ ಸೂತ್ರ ದುಡಿಯುತ್ತಿದೆ.

ಒಳಗಿನ ದ್ರವವನ್ನೂ ಹೊರಗಿನ ವೈದ್ಯ ಗುರುತ್ವವನ್ನೂ ಅಂಚಿನಲ್ಲಿ ಹೊಲಿಯುವ ಸರಿಯಾದ ಷರತ್ತನ್ನು 1985ರಲ್ಲಿ ಬ್ರೆಜಿಲಿನ ಸಾಂಟೋಸ್ ಬರೆದರು. ಅಲ್ಲಿಯವರೆಗೆ ಗೋಳದ ಮೈಮೇಲೆ ಒತ್ತಡ ಸೊನ್ನೆಯಾಗಬೇಕು ಎಂದೇ ಅಂದುಕೊಂಡಿದ್ದವರಿಗೆ ಅಚ್ಚರಿ: ಗೋಳ ಶಾಖವನ್ನು ಹೊರಬಿಡುತ್ತಿದ್ದರೆ ಅಂಚಿನ ಒತ್ತಡ ಸೊನ್ನೆಯಲ್ಲ, ಹೊರಹೋಗುವ ಶಾಖಪ್ರವಾಹಕ್ಕೆ ಸಮ. ಇದು ಬರಿಯ ಗಣಿತದ ನಾಜೂಕು ಅಲ್ಲ. ದೊಡ್ಡ ನಕ್ಷತ್ರದ ತಿರುಳು ಕುಸಿದು ನ್ಯೂಟ್ರಾನ್ ನಕ್ಷತ್ರವಾಗುವಾಗ ಬಿಡುಗಡೆಯಾಗುವ ಶಕ್ತಿ ಸೂರ್ಯನ ರಾಶಿಯ ಹತ್ತನೆಯ ಒಂದು ಪಾಲಿಗೂ ಮಿಕ್ಕಿದ್ದು, ಅದರಲ್ಲಿ ನೂರಕ್ಕೆ 99 ಭಾಗ ಒಯ್ಯುವುದು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು. 1987ರ ಫೆಬ್ರವರಿ 23ರಂದು ಮೆಗಲಾನ್ ಮೋಡವೆಂಬ ನೆರೆಯ ಗೆಲಾಕ್ಸಿಯಲ್ಲಿ ಹಾಗೆ ಕುಸಿದ ನಕ್ಷತ್ರದಿಂದ ಹೊರಟವುಗಳಲ್ಲಿ ಎರಡು ಡಜನ್ನಿನಷ್ಟು ಜಪಾನ್, ಅಮೆರಿಕ, ರಷ್ಯಾಗಳ ಉಪಕರಣಗಳಿಗೆ ಸಿಕ್ಕವು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲೇ ಮೊದಲು ಹಿಡಿದ ಎಡೆಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ಗಣಿ ಮುಚ್ಚಿತು, ಆ ಪರಂಪರೆ ಅಲ್ಲಿಗೇ ನಿಂತಿತು. ಹೊಟ್ಟೆ ಉರಿಯುವ ಮಾತು, ಇರಲಿ.

ಒತ್ತಡ, ಶಾಖ, ಆಘಾತದ ಅಲೆ ಎಲ್ಲವನ್ನೂ ಸೇರಿಸಿಕೊಂಡು ಗೋಳವನ್ನು ನಿಜವಾಗಿ ಕುಸಿಯಬಿಡಲು ಕಂಪ್ಯೂಟರೇ ಬೇಕಾಯಿತು. ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮಿಸ್ನರ್, ಡೇವಿಡ್ ಶಾರ್ಪ್ ಜತೆಗೂಡಿ, 1964ರಲ್ಲಿ ಸಮೀಕರಣಗಳನ್ನು ಅದಕ್ಕೆ ಒಗ್ಗುವ ರೂಪಕ್ಕೆ ತಂದರು. 1966ರಲ್ಲಿ ಮೇ ಮತ್ತು ವೈಟ್ ಲಿವರ್‌ಮೋರಿನ ಬಾಂಬ್ ಪ್ರಯೋಗಾಲಯದ ಯಂತ್ರಗಳಲ್ಲಿ ಅದನ್ನು ಓಡಿಸಿದರು. ಓಪನ್‌ಹೈಮರ್ ಕೈಬಿಟ್ಟಿದ್ದ ಒತ್ತಡವನ್ನು ಒಳಗೆ ತಂದರೂ ಸಾಕಷ್ಟು ಭಾರದ ಗೋಳ ಕುಸಿದೇಬಿಟ್ಟಿತು. ಹಗುರದ್ದು ಪುಟಿದು ನಿಂತಿತು. ಆ ಪುಟಿತವೇ ನಕ್ಷತ್ರಸ್ಫೋಟದ ಮೊದಲ ತಳ್ಳು: ಸಾಂದ್ರತೆ ಪರಮಾಣು ಬೀಜದ ಸಾಂದ್ರತೆ ಮೀರಿದಾಗ ಪದಾರ್ಥ ತಟ್ಟನೆ ಗಡಸಾಗುತ್ತದೆ.

ಅದೇ ಮಿಸ್ನರ್ ಬಳಿ ಡಾಕ್ಟರೇಟಿಗೆ ಸೇರಿದ್ದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಕನ್ನಡ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು, ಚೆನ್ನಾಗಿ ವ್ಯಂಗ್ಯಚಿತ್ರ ಬರೆಯುತ್ತಿದ್ದವರು. ಎಲ್ಲರೂ ಗೋಳ ಹೇಗೆ ಕುಸಿಯುತ್ತದೆ ಎಂದು ಕೇಳುತ್ತಿದ್ದಾಗ ಕುಸಿದ ಮೇಲೆ ಉಳಿದದ್ದು ಗಟ್ಟಿಯೇ ಎಂಬ ಪ್ರಶ್ನೆಯನ್ನು ಅವರು ಹಿಡಿದರು. ಕಪ್ಪುಕುಳಿಯನ್ನು ತುಸು ಕೆಣಕಿದರೆ ಅದು ಚೂರಾಗುವುದಿದ್ದರೆ ಅಂಥ ವಸ್ತು ಜಗತ್ತಿನಲ್ಲಿ ಇರಲಾರದು. ಇರಬಲ್ಲದು ಎಂದು ಅವರ ಗಣಿತ ಹೇಳಿತು, 1970ರ ಲೇಖನದಲ್ಲಿ. ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ಲೇಖನ. ಕಪ್ಪುಕುಳಿಯತ್ತ ಗುರುತ್ವದ ಅಲೆಯ ಒಂದು ಚಿಕ್ಕ ತುಣುಕನ್ನು ಕಂಪ್ಯೂಟರಿನಲ್ಲಿ ಎಸೆದು ವಾಪಸು ಬರುವುದೇನೆಂದು ನೋಡಿದರು. ತುಣುಕು ಅಗಲವಾಗಿದ್ದಾಗ ವಿಶೇಷವೇನೂ ಕಾಣಲಿಲ್ಲ. ಕುಳಿಯ ಗಾತ್ರಕ್ಕೆ ಹೋಲುವಷ್ಟು ಕಿರಿದು ಮಾಡಿದಾಗ ವಾಪಸು ಬಂದ ಅಲೆ ಒಂದೇ ಆವರ್ತನದಲ್ಲಿ ಮಿಡಿಯುತ್ತ ಬೇಗನೆ ಅಡಗಿತು. ಯಾರು, ಹೇಗೆ ಎಸೆದರು ಎಂಬುದು ಆ ಮಿಡಿತಕ್ಕೆ ಸಂಬಂಧಿಸಿದ್ದಲ್ಲ. ಅದು ಕುಳಿಯ ರಾಶಿಯ ಗುರುತು. ಗೋಳವಾಗಿಯೇ ಕುಗ್ಗುವ ವಸ್ತು ಗುರುತ್ವದ ಅಲೆ ಎಬ್ಬಿಸಲಾರದು ಎಂದು ಬರ್ಕ್‌ಹಾಫ್ ಪ್ರಮೇಯ ಬಾಯಿ ಕಟ್ಟಿತ್ತು. ಗೋಳದಿಂದ ತುಸು ತಪ್ಪಿದ ಕ್ಷಣವೇ ಅದು ತನ್ನ ಸುದ್ದಿಯನ್ನು ತಾನೇ ಹೇಳಿಕೊಳ್ಳುತ್ತದೆ ಎಂದು ವಿಶ್ವೇಶ್ವರ ತೋರಿಸಿದರು.

ಊರಿಗೆ ಮರಳಿ ಅವರು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿ ದುಡಿದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೆ ಮೊದಲ ನಿರ್ದೇಶಕರಾದರು. ಶಾಲಾ ಪ್ರವಾಸದಲ್ಲಿ ಕರಾವಳಿಯಿಂದ ಬಸ್ಸಿನಲ್ಲಿ ಹೋಗಿ ಆ ಗುಮ್ಮಟದಡಿ ಕತ್ತೆತ್ತಿ ಕೂತ ಮಕ್ಕಳಲ್ಲಿ ಅದನ್ನು ಕಟ್ಟಿದವರು ಯಾರೆಂದು ಕೇಳಿದವರು ಕಡಿಮೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು 36 ಮತ್ತು 29 ಸೂರ್ಯರಾಶಿಯ ಎರಡು ಕಪ್ಪುಕುಳಿಗಳು ಕೂಡಿದ ಅಲೆಯನ್ನು ಹಿಡಿದವು. ಅಲೆಯ ಬಾಲದಲ್ಲಿ ಸುಮಾರು 250 ಹರ್ಟ್ಸಿನ, ನಾಲ್ಕು ಮಿಲಿಸೆಕೆಂಡಿನಲ್ಲಿ ಅಡಗುವ ಮಿಡಿತ ಕಂಡಿತು. 1970ರ ಲೆಕ್ಕ ಹೇಳಿದ ಬಗೆಯದೇ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ನಮ್ಮ ನಡುವೆ ಇದ್ದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. ಗದ್ದಲದ ನಡುವಿನಿಂದ ಇಂಥ ಅಲೆಯನ್ನು ಹೆಕ್ಕುವ ವಿಧಾನಕ್ಕೆ 1991ರಲ್ಲಿ ಸಂಜೀವ ಧುರಂಧರ್ ಜತೆ ಅಡಿಪಾಯ ಹಾಕಿದ ಬಿ. ಎಸ್. ಸತ್ಯಪ್ರಕಾಶ್ ಕೂಡ ಬೆಂಗಳೂರಿನಲ್ಲಿ ಕಲಿತವರೇ.

ಇನ್ನೆರಡು ಕವಲುಗಳಿವೆ, ಬೇಗ ದಾಟುತ್ತೇನೆ. ಹೊರಕ್ಕೆ ಹೋದಂತೆ ತೆಳುವಾಗುವ ಧೂಳುಗೋಳ ಕುಸಿದಾಗ ನಡುವಿನ ಅನಂತ ಸಾಂದ್ರತೆಯ ಬಿಂದು ಕಪ್ಪುಕುಳಿಯ ಮರೆಯಿಲ್ಲದೆ ಹೊರಗೆ ಕಾಣುವ ಸಾಧ್ಯತೆಯಿದೆ ಎಂದು ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಪಂಕಜ್ ಜೋಶಿ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ತೋರಿಸಿದರು. ಗಣಿತದಲ್ಲಿ ಲೋಪವಿಲ್ಲ. ಒತ್ತಡವೂ ತಿರುಗುವಿಕೆಯೂ ಸೇರಿದ ನಿಜ ಪದಾರ್ಥದಲ್ಲಿ ಅದು ಉಳಿಯುತ್ತದೆ ಎಂದು ನನಗೆ ಅನಿಸುವುದಿಲ್ಲ. ಇನ್ನೊಂದು ಕವಲು ಕುಸಿತಕ್ಕೂ ಚದುರುವಿಕೆಗೂ ನಡುವಿನ ಅಂಚು. 1994ರಲ್ಲಿ ಎವನ್ಸ್ ಮತ್ತು ಕೋಲ್‌ಮನ್ ವಿಕಿರಣದ ದ್ರವಗೋಳವನ್ನು ಆ ಅಂಚಿಗೆ ತಂದು ನಿಲ್ಲಿಸಿ, ಹುಟ್ಟುವ ಕಪ್ಪುಕುಳಿಯ ರಾಶಿ ಸೊನ್ನೆಯಿಂದ ಶುರುವಾಗಿ 0.36 ಎಂಬ ಘಾತಾಂಕದಲ್ಲಿ ಏರುತ್ತದೆ ಎಂದರು. ವಿಶ್ವದ ಮೊದಲ ಕ್ಷಣಗಳಲ್ಲಿ ಪುಟ್ಟ ಕಪ್ಪುಕುಳಿಗಳು ಹುಟ್ಟಿದ್ದವೇ ಎಂದು ಹುಡುಕುವವರಿಗೆ ಈ ಸಂಖ್ಯೆ ಕೆಲಸಕ್ಕೆ ಬರುತ್ತದೆ.

ಒತ್ತಡದ ಪ್ರಶ್ನೆ ಮಾತ್ರ ತೀರಿಲ್ಲ. 1939ರಲ್ಲಿ ಓಪನ್‌ಹೈಮರ್ ಮತ್ತು ವೋಲ್ಕಾಫ್ ನ್ಯೂಟ್ರಾನ್ ಗೋಳದ ಗರಿಷ್ಠ ರಾಶಿ 0.7 ಸೂರ್ಯ ಎಂದಿದ್ದರು. ಸಮೀಕರಣ ಸರಿಯಿತ್ತು, ನ್ಯೂಟ್ರಾನುಗಳು ಹತ್ತಿರ ಬಂದಾಗ ಒಂದನ್ನೊಂದು ನೂಕುವ ಬಲ ಅದರಲ್ಲಿ ಇರಲಿಲ್ಲ. ಈಗ ಎರಡು ಸೂರ್ಯರಿಗಿಂತ ತುಸು ಹೆಚ್ಚು ಭಾರದ ನ್ಯೂಟ್ರಾನ್ ನಕ್ಷತ್ರಗಳೇ ಸಿಕ್ಕಿವೆ. ಅದೇ ಸಮೀಕರಣವನ್ನು ಮಣಿಪಾಲದ ಹಾಸ್ಟೆಲಿನಲ್ಲಿ ಕೂತ ವಿದ್ಯಾರ್ಥಿ ಲ್ಯಾಪ್‌ಟಾಪಿನಲ್ಲಿ ಒಂದು ಮಧ್ಯಾಹ್ನದಲ್ಲಿ ಬಿಡಿಸಬಲ್ಲಳು. ಅವಳು ಅದಕ್ಕೆ ತುಂಬಿಸಬೇಕಾದ ಕೋಷ್ಟಕ, ಇಷ್ಟು ಸಾಂದ್ರತೆಗೆ ಇಷ್ಟು ಒತ್ತಡ ಎಂಬ ಪಟ್ಟಿ, ಪರಮಾಣು ಬೀಜದ ಸಾಂದ್ರತೆಯ ಎರಡು ಮೂರು ಪಟ್ಟು ದಾಟಿದ ಮೇಲೆ ಇನ್ನೂ ಊಹೆಯೇ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದ ಅಲೆ ಸಿಕ್ಕಿತು. ಕೂಡುವ ಮುನ್ನ ಅವು ಒಂದನ್ನೊಂದು ಎಷ್ಟು ಹಿಗ್ಗಿಸಿದವು ಎಂಬುದರಿಂದ ತ್ರಿಜ್ಯ ಹನ್ನೆರಡು ಕಿಲೋಮೀಟರಿನ ಆಸುಪಾಸು ಎಂದು ಗೊತ್ತಾಯಿತು. ಕೂಡಿದ ಮೇಲೆ ಉಳಿದ ಗೋಳ ಎಷ್ಟು ಹೊತ್ತು ಉಬ್ಬಿ ಕುಗ್ಗುತ್ತ ನಿಂತಿತ್ತು, ಯಾವಾಗ ಕುಸಿಯಿತು ಎಂಬುದು ಕೇಳಿಸಲಿಲ್ಲ. ಆ ಮಿಡಿತ ಎರಡರಿಂದ ನಾಲ್ಕು ಸಾವಿರ ಹರ್ಟ್ಸಿನದು, ಈಗಿನ ಉಪಕರಣಗಳ ಸೂಕ್ಷ್ಮತೆ ಅಲ್ಲಿ ಕುಸಿಯುತ್ತದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಲೈಗೊ-ಇಂಡಿಯಾಕ್ಕೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಹಣ ಮಂಜೂರು ಮಾಡಿದೆ. ಕೂಡಿದ ಆ ಗೋಳದ ಮಿಡಿತವನ್ನು ಹಿಡಿಯಲು ಅದೊಂದೇ ಸಾಲದು. ಯುರೋಪು, ಅಮೆರಿಕಗಳಲ್ಲಿ ಹತ್ತು ಕಿಲೋಮೀಟರ್, ನಲವತ್ತು ಕಿಲೋಮೀಟರ್ ಉದ್ದದ ತೋಳುಗಳ ಉಪಕರಣಗಳಿಗೆ ನಕ್ಷೆ ಸಿದ್ಧವಾಗುತ್ತಿರುವುದು ಇಂಥ ಕೆಲಸಕ್ಕೂ ಹೌದು.